ಮೂರನೇ ಸಲ ಕೇಳುವ ಮೊದಲು

ಹದಿನೆಂಟನೇ ಮಹಡಿಯ ಕಿಟಕಿ. ನನ್ನ ಅರ್ಧ ದೇಹ ಅದರಾಚೆ. ಕಾಲರ್ ಮಾತ್ರ ಗೂಳಿಯ ಮುಷ್ಟಿಯಲ್ಲಿ...

ಸರಿ, ಹಾಗೆ ನೋಡಬೇಡಿ. ಎರಡನೇ ಮಹಡಿ. ಆದರೆ ಕೆಳಗಿದ್ದದ್ದು ಕಾಂಕ್ರೀಟ್!

ಗೂಳಿ ಎಂದರೆ ಕೇಬಲ್ ಕಂಪನಿಯ ಬಾಡಿಗಾರ್ಡ್. ದೇವರು ಅವನಿಗೆ ಕುತ್ತಿಗೆ ಕೊಡುವುದನ್ನು ಮರೆತಿದ್ದ.

“ಯಾರೋ ನಿನ್ನ ಕಳ್ಸಿದ್ದು?”

“ಪ್ರೊಫೆಸರಮ್ಮನ ಅತ್ತೆ.”

“ಏನು? ಸೊಸೆ ಕಾಣ್ತಿಲ್ಲ ಅಂತ ಅತ್ತೆ ಪತ್ತೇದಾರನ್ನ ಇಟ್ಟು ಹುಡುಕಿಸ್ತಿದ್ದಾಳಾ?”

ಅವನಿಗೆ ನಗು ಬಂತು. ಹಿಡಿತ ಸಡಿಲವಾಯಿತು. ನನ್ನ ಮೊಣಕಾಲು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು.

ಗೂಳಿ ಕರುವಿನಂತೆ ಕೂಗಿತು!

ಅವನ ಸೊಂಟದ ಕೀಲಿಗೊಂಚಲು ಕಿತ್ತುಕೊಂಡು ಓಡಿದೆ. ಗಂಟೆ ಹತ್ತು ನಲವತ್ತು. ಸಭೆ ಹನ್ನೊಂದಕ್ಕೆ, ಅದೇ ಕಟ್ಟಡದಲ್ಲಿ.

ಎಂಥ ಸಭೆ ಅಂತೀರಾ? ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕು ಓಡುತ್ತದಲ್ಲ... ನಿಮ್ಮ ಫೋನು, ಟಿವಿ, ಆಸ್ಪತ್ರೆಯ ಸ್ಕ್ಯಾನು, ಎಲ್ಲ ಅದರ ಮೇಲೆಯೇ. ಗೋಡೆಯ ಮೂಲೆಯಲ್ಲಿ ಎಳೆ ಬಾಗಿದಾಗ ಎಷ್ಟು ಬೆಳಕು ಸೋರಿದರೆ ತಪ್ಪಿಲ್ಲ ಎಂದು ಜಗತ್ತಿಗೆಲ್ಲ ಒಂದೇ ನಿಯಮ ಬರೆಯುವ ಸಮಿತಿ. ಮಹಾಜ್ಞಾನಿಗಳು. ಮತ ಹಾಕುವುದಿಲ್ಲ. ಅಧ್ಯಕ್ಷರು ಮೂರು ಸಲ “ಆಕ್ಷೇಪಣೆ ಇದೆಯೇ?” ಎನ್ನುತ್ತಾರೆ. ಯಾರೂ ಬಾಯಿ ಬಿಡದಿದ್ದರೆ ಪಾಸ್!

ಕಂಪನಿಯ ಅಗ್ಗದ ಎಳೆ ಜರಡಿಯಂತೆ ಸೋರುತ್ತಿತ್ತು. ಎಳೆ ಸರಿಮಾಡುವುದು ಕಷ್ಟ. ನಿಯಮ ಸಡಿಲ ಮಾಡುವುದು ಸುಲಭ. ಅಡ್ಡಿ ಇದ್ದದ್ದು ಒಬ್ಬಳೇ, ಪ್ರೊಫೆಸರಮ್ಮ.

“ಒಂಬತ್ತು ವರ್ಷ ಆ ದಾರ ಬಗ್ಗಿಸಿ ಬಗ್ಗಿಸಿ ಅಳತೆ ತಗೊಂಡಿದ್ದಾಳಪ್ಪಾ,” ಎಂದಿದ್ದರು ಅತ್ತೆ ಫೋನಿನಲ್ಲಿ. “ಇವತ್ತು ಅವಳು ಅಲ್ಲಿರ್ದಿದ್ರೆ ಎಲ್ಲಾ ಮಣ್ಣುಪಾಲು. ಬೆಳಿಗ್ಗೆಯಿಂದ ಫೋನ್ ಎತ್ತುತ್ತಿಲ್ಲ. ಹೋಗು, ಎಳ್ಕೊಂಡಾದ್ರೂ ಬಾ!”

ಗೂಳಿಯ ಕೀಲಿಗೊಂಚಲಿನ ಬಿಲ್ಲೆಯ ಮೇಲೆಯೇ ಬರೆದಿತ್ತು: ನೆಲಮಾಳಿಗೆ, ಸರ್ವರ್ ರೂಮು. ಐದನೇ ಕೀಲಿಗೆ ಬಾಗಿಲು ತೆರೆಯಿತು. ಒಳಗೆ ನೂರಾರು ಫ್ಯಾನುಗಳ ಭೋರ್ಗರೆತ. ಚಳಿಗೆ ನಡುಗುತ್ತಾ ಪ್ರೊಫೆಸರಮ್ಮ ಗೋಡೆಗೆ ಒರಗಿದ್ದಳು. ಬಾಯಿ ತೆರೆದಳು.

ಗಾಳಿ ಮಾತ್ರ ಬಂತು.

ಮೂರು ಗಂಟೆ ಕಿರುಚಿದ್ದಳು ಪಾಪ. ಗಂಟಲು ಪೂರ್ತಿ ಕೈಕೊಟ್ಟಿತ್ತು.

ಮೆಟ್ಟಿಲು ಹತ್ತಿದೆವು. ಹಿಂದೆ ನಾಲ್ವರು... ಇರಲಿ, ಇಬ್ಬರು! ಬೆಂಕಿ ಆರಿಸುವ ಸಿಲಿಂಡರನ್ನು ಅವರತ್ತ ಉರುಳಿಸಿದೆ. ಎಲುಬುಗಳ ಸದ್ದು ಕೇಳಿಸಿತು. ಕೆಲವು ನನ್ನವೂ ಇರಬಹುದು.

ಸಭಾಂಗಣಕ್ಕೆ ನುಗ್ಗಿದೆವು.

“ಎರಡನೇ ಸಲ ಕೇಳ್ತಿದ್ದೀನಿ,” ಎಂದರು ಅಧ್ಯಕ್ಷರು. “ಆಕ್ಷೇಪಣೆ ಇದೆಯೇ?”

ಪ್ರೊಫೆಸರಮ್ಮ ಕೈ ಎತ್ತಿದಳು. ಕಂಪನಿಯ ಪ್ರತಿನಿಧಿ, ಚಿನ್ನದ ಫ್ರೇಮಿನ ಕನ್ನಡಕದವನು, ದೆವ್ವ ಕಂಡಂತೆ ಬಿಳಿಚಿಕೊಂಡ.

“ಕಾರಣ ಹೇಳಿ ಮೇಡಂ.”

ಗಾಳಿ. ಬರೀ ಗಾಳಿ. ಅವಳು ಪೆನ್ನು ಕಾಗದ ಎಳೆದುಕೊಂಡಳು.

“ಲಿಖಿತ ಆಕ್ಷೇಪಣೆಗೆ ನಿನ್ನೆಯೇ ಕೊನೆ ದಿನ,” ಎಂದ ಚಿನ್ನದ ಫ್ರೇಮು. ಮುಖಕ್ಕೆ ಬಣ್ಣ ವಾಪಸು ಬಂದಿತ್ತು.

“ನಾನ್ ಹೇಳ್ತೀನಿ ಸಾರ್!” ಎಂದೆ.

“ನಿಮ್ಮ ಬ್ಯಾಡ್ಜ್?”

ಒಬ್ಬ ಮನುಷ್ಯ ಸತ್ತು ಬಿದ್ದರೂ ಇವರು ಮೊದಲು ಬ್ಯಾಡ್ಜ್ ಕೇಳುತ್ತಾರೆ.

“ಮೂರನೇ ಸಲ...”

ಪ್ರೊಫೆಸರಮ್ಮ ಎದ್ದಳು. ಕಂಪನಿಯವರು ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟಿದ್ದ ಬಿಳಿ ಎಳೆಯ ಸುರುಳಿ ಎತ್ತಿಕೊಂಡಳು. ಅದರ ತುದಿಗೆ, ಪಕ್ಕದಲ್ಲೇ ಇಟ್ಟಿದ್ದ, ಲೈನ್‌ಮನ್‌ಗಳು ತುಂಡಾದ ಜಾಗ ಹುಡುಕಲು ಬಳಸುವ ಕೆಂಪು ಬೆಳಕಿನ ಪೆನ್ನು ಸಿಕ್ಕಿಸಿದಳು. ಸ್ವಿಚ್ ಬೋರ್ಡಿನತ್ತ ನನಗೆ ಕಣ್ಸನ್ನೆ. ದೀಪಗಳನ್ನೆಲ್ಲ ಆರಿಸಿದೆ.

ಎಳೆಯ ಇನ್ನೊಂದು ತುದಿಯಲ್ಲಿ ಕೆಂಪು ಚುಕ್ಕೆ ಹೊಳೆಯಿತು.

ಅವಳು ಎಳೆಯನ್ನು ಹೆಬ್ಬೆರಳಿಗೆ ಒಂದು ಸುತ್ತು ಸುತ್ತಿದಳು. ಗೋಡೆಯ ಮೂಲೆಯಲ್ಲಿ ಬಾಗುವಷ್ಟೇ.

ಚುಕ್ಕೆ ಸತ್ತಿತು. ಹೆಬ್ಬೆರಳು ಕೆಂಡದಂತೆ ಉರಿಯಿತು! ಬೆಳಕೆಲ್ಲ ಅಲ್ಲೇ ಸೋರುತ್ತಿತ್ತು. ನಲವತ್ತು ಮಹಾಜ್ಞಾನಿಗಳು ಮೇಜಿನ ಮೇಲೆ ಬಾಗಿ ನೋಡಿದರು.

“ಕಾರಣ... ಕಾಣಿಸ್ತು,” ಎಂದರು ಅಧ್ಯಕ್ಷರು. “ಹೊಸ ನಿಯಮ ತಡೆಹಿಡಿಯಲಾಗಿದೆ.”

“ಅಷ್ಟು ಬಗ್ಗಿಸಿದ್ರೆ ಯಾವ್ದೂ ತಡಿಯಲ್ಲ ಸಾರ್!” ಚಿನ್ನದ ಫ್ರೇಮು ಅರಚಿದ.

“ಹಾಗಾ? ಸಮಿತಿಯ ಪದ್ಧತಿ ಗೊತ್ತಲ್ಲ. ಬಾಯಿ ಬಿಟ್ಟೋರೇ ಕೆಲಸ ಮಾಡ್ಬೇಕು. ನೀವೂ ಮೇಡಮ್ಮೂ ಒಟ್ಟಿಗೆ ಕೂತು ಅಳತೆ ತಗೊಂಡು, ಇಬ್ಬರೂ ಒಪ್ಪೋ ಕರಡು ತನ್ನಿ. ಆರು ತಿಂಗಳು ಟೈಮ್.”

ಹೊರಗೆ ಬಂದಮೇಲೆ ಕೇಳಿದೆ: “ಕೂಡಿಹಾಕಿದ್ದಕ್ಕೆ ಪೊಲೀಸ್ ಕಂಪ್ಲೇಂಟ್ ಕೊಡೋಣ್ವಾ ಮೇಡಂ? ಆ ಚಿನ್ನದ ಫ್ರೇಮನ್ನ ನಾನೇ ಒಳಗೆ ಹಾಕಿಸ್ತೀನಿ.”

ಅವಳು ತಲೆ ಅಡ್ಡಡ್ಡ ಆಡಿಸಿ, ಕಾಗದದ ಮೇಲೆ ಗೀಚಿ ತೋರಿಸಿದಳು:

“ಬೇಡ. ಜೈಲಿಗೆ ಹೋದರೆ ನನ್ನಿಂದ ತಪ್ಪಿಸಿಕೊಂಡುಬಿಡುತ್ತಾನೆ.”