ಗೊಂಬೆಗಳನ್ನು ಮಲಗಿಸಿದ ಶಂಖ

ಮರದ ಗೊಂಬೆಗಳು ಮನುಷ್ಯರ ಜೊತೆ ಬದುಕುತ್ತಿದ್ದ ಕಾಲದಲ್ಲಿ ಇಂದುಪುರವೆಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಗೊಂಬೆ. ಒಮ್ಮೆ ಕಲಿಸಿದ್ದನ್ನು ಗೊಂಬೆ ಮರೆಯುತ್ತಿರಲಿಲ್ಲ. ಗಾಣಿಗರ ಮನೆಯಲ್ಲಿ ಗಾಣ ತಿರುಗಿಸುತ್ತಿತ್ತು, ವೈದ್ಯರ ಮನೆಯಲ್ಲಿ ಕಷಾಯ ಕುದಿಸುತ್ತಿತ್ತು. ಈ ಗೊಂಬೆಗಳನ್ನು ಕೆತ್ತಿ, ಜೀವ ತುಂಬಿ ಮಾರುತ್ತಿದ್ದವನು ಕರಿಬೆಟ್ಟದ ಮಾಂತ್ರಿಕ ವಕ್ರನಖ.

ನೇಕಾರರ ಕೇರಿಯಲ್ಲಿ ಸಾವಂತ್ರಿ, ನಿಂಗಿ ಎಂಬ ಅಕ್ಕ ತಂಗಿ ಇದ್ದರು. ಸಾವಂತ್ರಿ ಮಗ್ಗ ನಡೆಸುತ್ತಿದ್ದಳು. ನಿಂಗಿಗೆ ಹುಟ್ಟಿನಿಂದ ಮಾತಿಲ್ಲ. ಅವಳು ಕೈಸನ್ನೆ ಮಾಡಿದರೆ ಗೊಂಬೆ ನೋಡಿ ಬಾಯಲ್ಲಿ ಹೇಳುತ್ತಿತ್ತು. ಸನ್ನೆಗಳನ್ನೆಲ್ಲ ಗೊಂಬೆಗೆ ಕಲಿಸಿದವಳು ನಿಂಗಿಯೇ. ಹಸಿವು, ನೀರು, ನಿದ್ದೆ, ಇಷ್ಟರ ಸನ್ನೆ ಅಕ್ಕನಿಗೂ ಗೊತ್ತು. ನಿಂಗಿಯ ತಮಾಷೆ, ಚಾಡಿ, ಜಗಳ ಮಾತ್ರ ಗೊಂಬೆಯ ಬಾಯಲ್ಲೇ ಕೇಳಬೇಕಿತ್ತು.

ಇಂದುಪುರದಲ್ಲಿ ಒಂದು ಪದ್ಧತಿಯಿತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ಕೇರಿಯವರು ಸರದಿಯ ಮೇಲೆ ತಮ್ಮ ಗೊಂಬೆಯನ್ನು ಅಲ್ಲಿಗೆ ಕಳಿಸುತ್ತಿದ್ದರು. ನೀರು ಕಾಯಿಸಲು, ತೊಟ್ಟಿಲು ತೂಗಲು. ಹೆಪ್ಪು ಕೇಳಿದವರಿಗೆ ಹೆಪ್ಪು ಕೊಟ್ಟಷ್ಟೇ ಸಹಜವಾಗಿ.

ಬೆಟ್ಟದಿಂದ ಇದನ್ನು ಕಂಡ ವಕ್ರನಖ ಹಲ್ಲು ಕಡಿದ. ನೇರ ಅರಮನೆಗೆ ಬಂದ.

"ಪ್ರಭು, ಒಬ್ಬರು ಕೊಂಡ ಗೊಂಬೆಯನ್ನು ಊರೆಲ್ಲ ದುಡಿಸುತ್ತಿದ್ದಾರೆ. ಇದು ಕಳ್ಳತನ. ನನಗೊಂದು ಕಾನೂನು ಬೇಕು. ಅದರಲ್ಲಿ ನನ್ನ ಹೆಸರು ಬೇಡ. ಎಲ್ಲರಿಗೂ ಸಮನಾಗಿದೆ ಎಂದು ಕಾಣಲಿ."

ರಾಜ ಶಾಂತವರ್ಮ ಯಾರಿಗೂ ಇಲ್ಲ ಎನ್ನಲಾರದವನು. ಮರುದಿನ ಡಂಗುರ ಸಾರಿದರು. "ಯಾರೇ ಆಗಲಿ, ತಾನು ಮಾಡಿದ ವಸ್ತುವನ್ನು ಇತರರು ಸರಿಯಾಗಿ ಬಳಸುತ್ತಿಲ್ಲ ಎಂದು ತೋರಿದರೆ, ಕುಳಿತಲ್ಲಿಂದಲೇ ಅದನ್ನು ಮಲಗಿಸಬಹುದು! ಕಾರಣ ಹೇಳಬೇಕಾಗಿಲ್ಲ!" ಆ ರಾಜ್ಯದಲ್ಲಿ ರಾಜಮುದ್ರೆ ಬಿದ್ದ ಮಾತು ಮಂತ್ರದಂತೆ ಫಲಿಸುತ್ತಿತ್ತು.

ಬಾವಿಕಟ್ಟೆಯಲ್ಲಿ ಅದೇ ಮಾತು.

"ಒಳ್ಳೇದೇ ಆಯ್ತು ಬಿಡು," ಎಂದ ಗಾಣಿಗರ ಭರಮಪ್ಪ. "ತಪ್ಪಾಗಿ ಬಳಸಿದವರು ಹೆದರಲಿ. ನಾವೇನು ತಪ್ಪಾಗಿ ಬಳಸ್ತಿದ್ದೀವಾ?"

"ತಪ್ಪಾಗಿ ಬಳಸ್ತಿದ್ದೀವೋ ಇಲ್ಲವೋ ಅಂತ ಹೇಳೋರು ಯಾರು, ಮಾವ?" ಎಂದಳು ಸಾವಂತ್ರಿ.

"ವಸ್ತು ಮಾಡಿದವನೇ. ಅವನಿಗೆ ಗೊತ್ತಾಗಲ್ವೇನೆ?"

"ಅವನೇ ದೂರು ಕೊಡೋದು, ಅವನೇ ತೀರ್ಪು ಹೇಳೋದು. ಚೆನ್ನಾಗಿದೆ."

"ನಿನಗೆ ಎಲ್ಲದರಲ್ಲೂ ಹುಳುಕೇ ಕಾಣೋದು," ಎಂದು ಭರಮಪ್ಪ ನಕ್ಕ. ಉಳಿದವರೂ ನಕ್ಕರು.

ಆ ವಾರ ಎದುರುಮನೆಯ ಗಂಗವ್ವನಿಗೆ ಹೆರಿಗೆಯಾಯಿತು. ಪದ್ಧತಿಯಂತೆ ಕೇರಿಯ ಗೊಂಬೆಗಳು ಸರದಿಯಲ್ಲಿ ಹೋಗಿ ಬಂದವು. ನಿಂಗಿಯೂ ತನ್ನದನ್ನು ಕಳಿಸಿದಳು. ಆಗ ಕರಿಬೆಟ್ಟದಲ್ಲಿ ವಕ್ರನಖನ ಶಂಖ ಮೊಳಗಿತು. ಗೊಂಬೆಗಳು ನಿಂತಲ್ಲೇ ಮಲಗಿದವು. ಗಾಣ ನಿಂತಿತು. ಕಷಾಯ ಸೀದುಹೋಯಿತು.

ನಿಂಗಿ ಗೊಂಬೆಯ ಮುಂದೆ ಸನ್ನೆ ಮಾಡಿದಳು. ಮತ್ತೆ ಮಾಡಿದಳು. ಅದರ ಕಣ್ಣು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಅವಳು ಅಕ್ಕನ ಕಡೆ ತಿರುಗಿ ಬಹಳ ಹೊತ್ತು ಕೈಯಾಡಿಸಿದಳು. ಸಾವಂತ್ರಿಗೆ ಒಂದೂ ತಿಳಿಯಲಿಲ್ಲ. ಕೊನೆಗೆ ನಿಂಗಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನಾದಳು. ಆ ಸುಮ್ಮನಿರುವಿಕೆಯನ್ನು ಸಾವಂತ್ರಿ ತಡೆಯಲಾರದೆ ಹೋದಳು.

ಊರು ಅರಮನೆಯ ಮುಂದೆ ನೆರೆಯಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಭರಮಪ್ಪ. ರಾಜ ಉಪ್ಪರಿಗೆಯಿಂದ, "ಕಾನೂನು ಕಾನೂನೇ ಅಲ್ಲವೇ? ನಾನೇನು ಮಾಡಲಿ?" ಎಂದು ಒಳಗೆ ಹೋದ.

"ನಾನು ಬೆಟ್ಟಕ್ಕೆ ಹೋಗ್ತೀನಿ," ಎಂದಳು ಸಾವಂತ್ರಿ. ಗಂಗವ್ವನ ಅತ್ತೆ ರೊಟ್ಟಿ ಕಟ್ಟಿಕೊಟ್ಟಳು. ಭರಮಪ್ಪ ತನ್ನ ಕಂಬಳಿ ಹೊದಿಸಿದ. ನಿಂಗಿ ತನ್ನ ಚಪ್ಪಲಿ ಬಿಟ್ಟುಕೊಟ್ಟಳು.

ಬೆಟ್ಟದ ಬುಡದಲ್ಲಿ ತಾಮ್ರದ ಹುಲಿ ಅಡ್ಡ ನಿಂತಿತು.

"ನಿಲ್ಲು! ನಿನ್ನ ಮೈಮೇಲಿರೋದೆಲ್ಲ ನಿನ್ನದೇನಾ?"

"ಇಲ್ಲ. ಕಂಬಳಿ ಭರಮಪ್ಪ ಮಾವನದು. ಚಪ್ಪಲಿ ತಂಗಿಯದು. ರೊಟ್ಟಿ ಎದುರುಮನೆಯವರದು."

"ಹಾಗಾದರೆ ಕದ್ದೆ. ಕದ್ದವರನ್ನು ತಿನ್ನಬೇಕು ಅಂತ ಅಪ್ಪಣೆ."

"ಕದ್ದಿಲ್ಲ."

"ಕೊಂಡೆಯಾ? ಕೊಂಡವರನ್ನು ಬಿಡಬೇಕು ಅಂತ ಅಪ್ಪಣೆ."

"ಕೊಂಡಿಲ್ಲ. ಅವರೇ ಕೊಟ್ಟರು."

"ಯಾಕೆ?"

"ನನ್ನ ಹತ್ತಿರ ಇರಲಿಲ್ಲ, ಅದಕ್ಕೆ."

ಹುಲಿ ಬಾಯಿ ತೆರೆಯಿತು, ಮುಚ್ಚಿತು. "ಕದ್ದಿಲ್ಲ. ಕೊಂಡಿಲ್ಲ. ಕೊಟ್ಟರು," ಎಂದು ಗೊಣಗುತ್ತ ಕುಳಿತಿತು. ಕೊಟ್ಟದ್ದಕ್ಕೆ ಅಪ್ಪಣೆಯೇ ಇರಲಿಲ್ಲ. ಸಾವಂತ್ರಿ ಪಕ್ಕದಿಂದ ದಾಟಿ ನಡೆದಳು.

ಬೆಟ್ಟದ ನಡುವೆ ಕಲ್ಲಿನ ಬಾಗಿಲು. ಅದನ್ನು ಸುತ್ತಿಕೊಂಡು ಬೆಳ್ಳಿಯ ಸರ್ಪ. ಅಂಗಳದ ತುಂಬ ಕಲ್ಲಾದ ಮನುಷ್ಯರು. ಎಲ್ಲರ ಬಾಯೂ ಅರ್ಧ ತೆರೆದಿತ್ತು.

"ಒಳಗೆ ಹೋಗಲು ಷರತ್ತುಗಳಿವೆ," ಎಂದಿತು ಸರ್ಪ. "ಈಗಲೇ 'ಒಪ್ಪಿದೆ' ಅಂದರೆ ಬಾಗಿಲು ತೆಗೆಯುತ್ತೇನೆ."

"ಮೊದಲು ಷರತ್ತು ಹೇಳು."

"ಬಹಳ ಉದ್ದ ಇದೆ."

"ಹೇಳು. ನಾನು ನೇಕಾರಳು. ಉದ್ದಕ್ಕೆ ಹೆದರಲ್ಲ."

ಸರ್ಪ ಶುರುಮಾಡಿತು. ಒಳಗೆ ಬಂದವರ ನೆರಳು ವಕ್ರನಖನದು. ಬಂದವರ ಉಸಿರು ವಕ್ರನಖನದು. ಬಂದವರು ಕಲ್ಲಾದರೆ ವಕ್ರನಖ ಹೊಣೆಯಲ್ಲ. ಹೀಗೆ ಹೇಳುತ್ತಲೇ ಹೋಯಿತು. ಸಾವಂತ್ರಿ ಕೆನ್ನೆಗೆ ಕೈಕೊಟ್ಟು ಕೇಳಿದಳು. ಬಿಸಿಲು ಏರಿ ಇಳಿಯಿತು. ಸರ್ಪದ ದನಿ ಕುಗ್ಗುತ್ತ ಬಂತು. ಕೊನೆಯ ಷರತ್ತನ್ನು ಅದು ಬೇಕೆಂದೇ ಮೂಗಿನಲ್ಲಿ ಹೇಳಿತು.

"ಏನಂದೆ? ಸರಿಯಾಗಿ ಹೇಳು."

"ಒಪ್ಪದವರು ಎಡಗಡೆಯ ಕಿಂಡಿಯಿಂದ ಹೋಗಬಹುದು," ಎಂದಿತು ಸರ್ಪ ನಾಚಿಕೊಂಡು. "ಇಲ್ಲಿಯವರೆಗೆ ಯಾರೂ ಕೇಳಿಸಿಕೊಂಡಿರಲಿಲ್ಲ."

ಬಳ್ಳಿ ಸರಿಸಿದರೆ ಕಿಂಡಿ. ಸಾವಂತ್ರಿ ತಲೆತಗ್ಗಿಸಿ ಒಳಗೆ ಹೋದಳು.

ಗುಹೆಯಲ್ಲಿ ವಕ್ರನಖ ಕುಳಿತಿದ್ದ. ಕೈಯಲ್ಲಿ ಕಪ್ಪು ಶಂಖ, ಮೈಮೇಲೆ ಕೆಂಪು ಶಾಲು.

"ಸ್ವಾಮಿ, ನನ್ನ ತಂಗಿಯ ಗೊಂಬೆ ಮಾಡಿದ ತಪ್ಪೇನು?"

"ಬೇರೆ ಮನೆಯ ತೊಟ್ಟಿಲು ತೂಗಿತು."

"ಮಗು ಹುಟ್ಟಿತ್ತು. ತೂಗದೆ ಇನ್ನೇನು?"

"ಅದು ನನಗೆ ಬೇಡ. ಮಾಡಿದವನು ನಾನು. ಮಲಗಿಸುವವನೂ ನಾನು. ಹುಡುಗಿ, ಕಾನೂನು ಓದಿದ್ದೀಯಾ? ನೀನೂ ಏನಾದರೂ ಮಾಡಿದ್ದರೆ ಮಲಗಿಸು ಹೋಗು, ಯಾರು ಬೇಡ ಅಂದರು!" ಎಂದು ಹೊಟ್ಟೆ ಹಿಡಿದು ನಕ್ಕ.

ನಗುವಾಗ ಶಾಲಿನ ಅಂಚು ಅಲ್ಲಾಡಿತು. ಅಂಚಿನಲ್ಲಿ ಒಂದು ಎಳೆ ದಾರಿ ತಪ್ಪಿತ್ತು. ಯಾರೂ ಕಾಣದಷ್ಟು ಸಣ್ಣ ತಪ್ಪು. ನೇಯುವಾಗ ತಪ್ಪಿದವಳು ಮಾತ್ರ ಮರೆಯುವುದಿಲ್ಲ; ಅದು ಸಾವಂತ್ರಿಯ ಮಗ್ಗದ ಶಾಲು.

ಸಾವಂತ್ರಿ ಡಂಗುರದ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಯಾರೇ ಆಗಲಿ. ತಾನು ಮಾಡಿದ ವಸ್ತು. ಆಮೇಲೆ ಶಾಲಿನ ಕಡೆ ನೋಡಿ, "ಮಲಗು," ಎಂದಳು.

ಶಾಲು ಹಲಗೆಯಂತೆ ಬಿಗಿದುಕೊಂಡಿತು. ವಕ್ರನಖನ ತೋಳುಗಳು ಒಳಗೇ ಸಿಕ್ಕಿಕೊಂಡವು. ಶಂಖ ಜಾರಿ ನೆಲಕ್ಕೆ ಬಿತ್ತು.

"ಏನು ಮಾಡಿದೆ? ತೆಗಿ ಇದನ್ನು!"

"ಕಾರಣ ಹೇಳಬೇಕಾಗಿಲ್ಲ, ಸ್ವಾಮಿ."

ವಕ್ರನಖ ಕೊಸರಾಡಿ ದಣಿದ. ಆಮೇಲೆ ದನಿ ಮೆತ್ತಗೆ ಮಾಡಿದ. "ನೋಡಮ್ಮ, ನಿನ್ನ ತಂಗಿಯ ಗೊಂಬೆಯೊಂದನ್ನು ಎಬ್ಬಿಸುತ್ತೇನೆ. ಈಗಲೇ. ಉಳಿದವರ ಉಸಾಬರಿ ನಿನಗ್ಯಾಕೆ? ಬಿಡು ನನ್ನ."

ಸಾವಂತ್ರಿಯ ಕಣ್ಣ ಮುಂದೆ ನಿಂಗಿಯ ಕೈಗಳು ಬಂದವು, ಮಡಿಲಲ್ಲಿ ಸುಮ್ಮನೆ ಬಿದ್ದ ಕೈಗಳು. ಹೂಂ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು.

"ನಾಳೆ ಮತ್ತೆ ಮಲಗಿಸಿದರೆ?"

ವಕ್ರನಖ ಕಣ್ಣು ಬೇರೆ ಕಡೆ ಹೊರಳಿಸಿದ.

"ಎಲ್ಲ ಗೊಂಬೆಗಳೂ ಏಳಬೇಕು. ಶಂಖ ನನಗೆ ಬೇಕು," ಎಂದು ಸಾವಂತ್ರಿ ಅಲ್ಲೇ ನೆಲದ ಮೇಲೆ ಕುಳಿತಳು. ಮಾಂತ್ರಿಕ ಬೈದ. ಹೆದರಿಸಿದ. ಹೊಗಳಿದ. ಅವಳು ಕುಳಿತೇ ಇದ್ದಳು. ಬೆಟ್ಟದ ಗಾಳಿ ಗುಹೆಗೆ ನುಗ್ಗಿತು. ಅವನ ಮೂಗು ಸೋರತೊಡಗಿತು, ಒರೆಸಿಕೊಳ್ಳಲು ಕೈಯಿಲ್ಲ. ಸಾವಂತ್ರಿ ಎದ್ದು ಕಂಬಳಿಯ ತುದಿಯಿಂದ ಒರೆಸಿದಳು. ರೊಟ್ಟಿ ಮುರಿದು ತಿನ್ನಿಸಿದಳು. ಮತ್ತೆ ಹೋಗಿ ಕುಳಿತಳು.

ಬೈಯುವುದನ್ನು ಅವನು ಅಲ್ಲಿಗೆ ನಿಲ್ಲಿಸಿದ. "ಶಂಖ ಹಿಡಿ," ಎಂದ ಸಣ್ಣ ದನಿಯಲ್ಲಿ.

ಅವಳು ಅವನ ತುಟಿಗೆ ಶಂಖ ಹಿಡಿದಳು. ಅವನು ಉಸಿರನ್ನು ಊದದೆ ಒಳಗೆ ಎಳೆದುಕೊಂಡ. ಗೊಂಬೆಗಳನ್ನು ಮಲಗಿಸಿದ್ದ ದನಿಯೆಲ್ಲ ಶಂಖಕ್ಕೆ ಮರಳಿತು, ಊರಲ್ಲಿ ಅವು ಎದ್ದವು. ಅಂಗಳದಲ್ಲಿ ಕಲ್ಲಾಗಿದ್ದವರೂ ಆಕಳಿಸಿ ಎದ್ದರು. ಸಾವಂತ್ರಿ ಶಂಖವನ್ನು ಕಮರಿಗೆ ಎಸೆದು, ಶಾಲಿಗೆ, "ಏಳು," ಎಂದಳು.

ಶಂಖದ ಜೊತೆ ಮಾಂತ್ರಿಕನ ಬಲವೂ ಹೋಯಿತು. ಕೆತ್ತುವ ಕೈ ಮಾತ್ರ ಉಳಿಯಿತು. ಅವನು ಅವಳ ಹಿಂದೆ ಬೆಟ್ಟ ಇಳಿದ.

ಊರಬಾಗಿಲಲ್ಲಿ ಜನ ಕುಣಿಯುತ್ತಿದ್ದರು. "ಇನ್ನೂ ಕುಣಿಯಬೇಡಿ," ಎಂದಳು ಸಾವಂತ್ರಿ. "ಶಂಖ ಹೋಯಿತು, ಕಾನೂನು ಇದೆ. ಮಾಚಾರಿ ಮಾವ, ರಾಜರ ಸಿಂಹಾಸನ ಮಾಡಿದ್ದು ಯಾರು?"

ಬಡಗಿ ಮಾಚಾರಿ ಮೀಸೆಯಡಿ ನಕ್ಕ. "ನಾನೇ ಕಣವ್ವ."

"ಅರಮನೆಯ ಬೀಗ?" ಎಂದ ಕಮ್ಮಾರ. "ಅದು ನನ್ನದು!"

"ರಾಜರ ದೀಪಕ್ಕೆ ಎಣ್ಣೆ ನನ್ನದು," ಎಂದು ಭರಮಪ್ಪ ಮುಂದೆ ನುಗ್ಗಿದ.

ಊರು ಅರಮನೆಗೆ ನಡೆಯಿತು. ಸಿಂಹಾಸನ ರಾಜನ ಸಮೇತ ಉರುಳಿಕೊಂಡು ಮಲಗಿತು. ಬೀಗ ತೆರೆಯಲಿಲ್ಲ, ದೀಪ ಹತ್ತಲಿಲ್ಲ. ಕೊನೆಗೆ ಪಾಕಶಾಲೆಯ ಮಡಕೆಗಳೂ ಮಲಗಿದಾಗ ಶಾಂತವರ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಾನೂನನ್ನು ತಾನೇ ಹರಿದುಹಾಕಿದ. ಅಂದಿನಿಂದ ಮಾರಿದ ವಸ್ತು ಕೊಂಡವರದೇ ಆಯಿತು.

ಇದೊಂದನ್ನೂ ಸಾವಂತ್ರಿ ನೋಡಲಿಲ್ಲ. ಅವಳು ಮನೆಗೆ ಓಡಿದ್ದಳು.

ನಿಂಗಿ ಹೊಸ್ತಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ಗೊಂಬೆ. ಅಕ್ಕನನ್ನು ಕಂಡದ್ದೇ ಅವಳ ಕೈಗಳು ಹಾರಾಡಿದವು. ಗೊಂಬೆ ಗಂಟಲು ಸರಿಮಾಡಿಕೊಂಡಿತು.

"ಅಕ್ಕಾ, ಮೊದಲು ಒಂದು ಮಾತು. ಗೊಂಬೆ ಮಲಗಿದ ದಿನ ನೀನು ಮಾಡಿದ ಸಾರಿಗೆ ಉಪ್ಪೇ ಹಾಕಿರಲಿಲ್ಲ. ಅಷ್ಟು ಹೊತ್ತು ಅದನ್ನೇ ಹೇಳ್ತಿದ್ದೆ. ನೀನು ಸುಮ್ಮನೆ ಅಳ್ತಿದ್ದೆ."

ಸಾವಂತ್ರಿ ಅಲ್ಲೇ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆ ಮನೆಯಲ್ಲಿ ಅಂದು ಶುರುವಾದ ಮಾತು ಅವರು ಬಾಳಿ ಬದುಕಿದಷ್ಟು ಕಾಲವೂ ನಿಲ್ಲಲಿಲ್ಲ. ಇಂದುಪುರದವರೂ ಹಾಗೆಯೇ ಸುಖವಾಗಿದ್ದರು, ಒಬ್ಬರದನ್ನೊಬ್ಬರು ಕೇಳಿ ಪಡೆಯುತ್ತ, ಜಗಳವಾಡುತ್ತ, ಮರಳಿ ಕೊಡುತ್ತ.