ಅರೆಕ್ಷಣ ತಡ

"ಅಭಿನಂದನೆ, ನೃತ್ಯ ಸಂಯೋಜಕಿಯವರೇ!"

ಆ ದನಿ ಕೇಳಿದ್ದೇ ರಿಕ್ಕೆ ಗಕ್ಕನೆ ತಿರುಗಿದಳು. ಕೋಪನ್‌ಹೇಗನ್ನಿನ ಹಳೆಯ ರಂಗಮಂದಿರದ ಅಭ್ಯಾಸ ಕೋಣೆ. ಬಾಗಿಲಲ್ಲಿ ಆಸ್ಗರ್ ನಿಂತಿದ್ದ. ಆರು ವರ್ಷಗಳ ಮೇಲೆ!

"ನೀ... ನೀನಾ? ಇಲ್ಲಿ?"

"ಆರ್ಹುಸ್‌ನಲ್ಲಿ ಮಕ್ಕಳಿಗೆ ಕುಣಿತದ ಪಾಠ ಹೇಳ್ಕೊಂಡು ಆರಾಮಾಗಿದ್ದೆ. ನಿನ್ನ ಮೊದಲನೇ ಬ್ಯಾಲೆಗೆ ತರಬೇತಿ ಕೊಡೋರು ಬೇಕು ಅಂತ ಕರೆಸಿದ್ರು. ಬೇಡ ಅನ್ನು, ಮುಂದಿನ ರೈಲಿಗೇ ಹೊರಡ್ತೀನಿ."

"ಇರು..."

ಅವನ ಬಲಭುಜ ಇನ್ನೂ ಇಳಿಬಿದ್ದೇ ಇತ್ತು. ಅಯ್ಯೋ, ಇದು ನನ್ನದೇ ಕೆಲಸ...

ಆಗ ಇಬ್ಬರೂ ಜೋಡಿಯಾಗಿ ಕುಣಿಯುತ್ತಿದ್ದರು. ಪ್ರೀತಿಸುತ್ತಲೂ ಇದ್ದರು. ಹಿಮ್ಮಡಿ ಊದಿದ್ದನ್ನು ಹೇಳಿದರೆ ನಾಯಕಿಯ ಪಾತ್ರ ಕೈತಪ್ಪೀತೆಂದು ರಿಕ್ಕೆ ಬಾಯಿಬಿಡಲಿಲ್ಲ. ತುಂಬಿದ ಸಭೆಯೆದುರು ಅರೆಕ್ಷಣ ತಡವಾಗಿ ಜಿಗಿದಳು. ಅವಳನ್ನು ಹಿಡಿಯಹೋಗಿ ಆಸ್ಗರ್‌ನ ಭುಜದ ಕೀಲೇ ಕಿತ್ತುಬಂತು!

ಬ್ಯಾಲೆಯವರಲ್ಲಿ ಒಂದು ರೂಢಿ. ಜೋಡಿಯನ್ನು ಎತ್ತುವಾಗ ಏನೇ ಎಡವಟ್ಟಾಗಲಿ, ಎತ್ತಿದವನೇ "ತಪ್ಪು ನನ್ನದು" ಅನ್ನಬೇಕು. ಆಸ್ಗರ್ ಹಾಗೇ ಅಂದ. ಎಲ್ಲರೂ ನಂಬಿದರು. ಅವನ ಕುಣಿತ ಅಲ್ಲಿಗೇ ಮುಗಿಯಿತು. ಈ ಮಹಾತಾಯಿ ಆಸ್ಪತ್ರೆಗೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಅಭ್ಯಾಸ ಶುರುವಾಯಿತು. ನಾಯಕಿ ಲೀವಾ ಓಡಿಬಂದು ಜಿಗಿದಳು. ಅವಳ ಜೋಡಿ ವಿಲ್ಲಾಸ್ ಎತ್ತಿದ, ತತ್ತರಿಸಿದ, ಹೇಗೋ ಇಳಿಸಿದ.

"ಕ್ಷಮಿಸಿ, ತಪ್ಪು ನನ್ನದು!"

ಲೀವಾ ಹೌದೆಂಬಂತೆ ತಲೆಯಾಡಿಸಿದಳು. ಒಂದು ಕಾಲಿಗೆ ಭಾರ ಹಾಕದೆ ನಿಂತಿದ್ದಳು. ರಿಕ್ಕೆಗೆ ತಡೆಯಲಾಗಲಿಲ್ಲ.

"ಲೀವಾ, ಕಾಲು ನೋಯ್ತಿದೆ ತಾನೇ?"

"ಇಲ್ಲ... ಸ್ವಲ್ಪ... ನನ್ನ ಪಾತ್ರ ಕಿತ್ಕೋಬೇಡಿ, ರಿಕ್ಕೆ!"

"ಇಲ್ಲಮ್ಮಾ, ಗುಣವಾಗೋವರೆಗೂ ಕಾಯ್ತೀನಿ. ಆದ್ರೆ ತಪ್ಪನ್ನ ವಿಲ್ಲಾಸ್ ತಲೆಗೆ ಕಟ್ಟಬೇಡ. ನಾನು ಕಟ್ಟಿದ್ದೆ..." ರಿಕ್ಕೆ ಎಲ್ಲರ ಕಡೆ ತಿರುಗಿದಳು. "ಆವತ್ತು ಆಸ್ಗರ್ ನನ್ನನ್ನ ಬೀಳಿಸಲಿಲ್ಲ. ಕಾಲುನೋವು ಮುಚ್ಚಿಟ್ಟು ನಾನೇ ತಡವಾಗಿ ಜಿಗಿದೆ. ಎಲ್ಲರೂ ಅವನನ್ನ ಬೈದಾಗ ಬಾಯಿ ಮುಚ್ಕೊಂಡಿದ್ದೆ!"

ಪಿಯಾನೊ ನಿಂತಿತು.

ಎಲ್ಲರೂ ಊಟಕ್ಕೆ ಹೋದ ಮೇಲೆ ಆಸ್ಗರ್ ಬಂದು ಅವಳ ಪಕ್ಕ ನೆಲದ ಮೇಲೆ ಕೂತ.

"ನಂಗೆ ಗೊತ್ತಿತ್ತು ಕಣೇ. ನೀನು ತಡ ಮಾಡಿದ್ದು ಈ ಕೈಗೆ ಗೊತ್ತಾಗದೆ ಇರುತ್ತಾ?"

"ಗೊತ್ತಿದ್ದೂ... ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಹನ್ನೊಂದು ದಿನ ಆಸ್ಪತ್ರೆ ಬಾಗಿಲು ನೋಡ್ಕೊಂಡೇ ಮಲಗಿದ್ದೆ. ಭುಜ ಹೋಗಿದ್ದಕ್ಕಲ್ಲ, ನೀನು ಬರಲಿಲ್ವಲ್ಲ, ಅದಕ್ಕೇ ನಂಗೆ ಸಿಟ್ಟು."

ರಿಕ್ಕೆ ಬಿಕ್ಕಿಬಿಕ್ಕಿ ಅತ್ತಳು. "ನಿನ್ನನ್ನ ಒಂದಿನಾನೂ ಮರೆತಿಲ್ಲ ಕಣೋ. ಕ್ಷಮಿಸ್ತೀಯಾ?"

"ಇವತ್ತೇ ಆಗಲ್ಲ." ಇಳಿಬಿದ್ದ ಭುಜ ನೀವಿಕೊಂಡ. "ಆದ್ರೆ ರೈಲು ಹತ್ತಲ್ಲ."

ಅವನು ಎದ್ದು ಎಡಗೈ ಚಾಚಿದ. "ಏಳು. ಒಂದೇ ಕೈಲಿ ಎತ್ತಬೇಕು, ಪೂರ್ತಿ ಭಾರ ಬಿಡಬೇಡ."

ಅವಳು ಆ ಕೈ ಹಿಡಿದಳು. "ಈ ಸಲ ತಡ ಮಾಡಲ್ಲ."

"ಆರು ವರ್ಷ ಮಾಡಿದ್ದೀಯಲ್ಲೇ... ಸಾಕು!"