ಬಿಚ್ಚಿದ ಸ್ವೆಟರಿನ ಆರು ಉಂಡೆಗಳು

ಪೆಟ್ಟಿಗೆಯ ಮುಚ್ಚಳ ತೆಗೆದವಳ ಕೈ ಅಲ್ಲೇ ನಿಂತುಬಿಟ್ಟಿತು!

ಗ್ರಂಥಾಲಯದ ಉದ್ದನೆಯ ಮೇಜಿನ ಸುತ್ತ ಎಲ್ಲರೂ ನಗುತ್ತಿದ್ದರು. ವರ್ಷದ ಕೊನೆಯ ರಜೆಗೆ ಮುಂಚಿನ ದಿನ, ಉಡುಗೊರೆ ಬಿಚ್ಚುವ ಹೊತ್ತು. ಅವಳಿಗೆ ಏನು ಬರುತ್ತದೆ ಎಂದು ಊಹಿಸಲು ಜ್ಯೋತಿಷಿಯೇ ಬೇಕಿರಲಿಲ್ಲ. ಮುಖ್ಯಸ್ಥರಿಂದ ಹೆಣಿಗೆ ಕಡ್ಡಿ. ಪುಸ್ತಕ ಹೊಲಿಯುವಾತನಿಂದ ನೂಲಿಗೆ ಸಿಕ್ಕಿಕೊಂಡ ಬೆಕ್ಕಿನ ಚಿತ್ರವಿರುವ ಲೋಟ. ಗುಮಾಸ್ತೆಯಿಂದ ಇನ್ನೊಂದು ಜೊತೆ ಕಡ್ಡಿ.

"ಬೇರೆ ಏನು ಕೊಟ್ರೂ ನೀನು ಕಪಾಟಿಗೆ ತುರುಕ್ತೀಯಲ್ಲಮ್ಮ!" ಎಂದಳು ಗುಮಾಸ್ತೆ.

ಕೊನೆಯ ಪೆಟ್ಟಿಗೆ ಅವನದು. ಕನ್ನಡಕದ ಅಂಗಡಿಯವನದು. ಬೆಳಿಗ್ಗೆ ಅವನ ಅಕ್ಕನೇ ಬಂದು, "ನನ್ನ ತಮ್ಮ ಕಳಿಸಿದ್ದು ಕಣೇ. ತಾನೇ ತರೋಕೆ ನಾಚಿಕೆ ಅವನಿಗೆ!" ಎಂದು ಕಣ್ಣು ಮಿಟುಕಿಸಿ ಕೊಟ್ಟುಹೋಗಿದ್ದಳು.

ಒಳಗೆ ಆರು ಉಣ್ಣೆಯ ಉಂಡೆಗಳು. ಕಡುನೇರಳೆ ಬಣ್ಣ.

"ಅಬ್ಬಾ, ಎಷ್ಟು ಚೆನ್ನಾಗಿದೆ!" ಯಾರೋ ಅಂದರು.

ಅವಳು ಒಂದು ಉಂಡೆ ಎತ್ತಿ ನೋಡಿದಳು. ಹೊಸ ನೂಲು ಹೀಗೆ ಗುಂಗುರಾಗಿ ಇರುವುದಿಲ್ಲ. ಒಮ್ಮೆ ಹೆಣೆದು ಬಿಚ್ಚಿದ ನೂಲಿಗೆ ಮಾತ್ರ ಈ ಸುಕ್ಕು. ಅದರ ಎಳೆ ಎಳೆಯುತ್ತ ಹೋದಳು. ಸಿಕ್ಕಿತು... ಎರಡು ತುದಿ ಸೇರಿಸಿ ಹಾಕಿದ ಪುಟ್ಟ ಜೋಡಿಗಂಟು. ಅವಳಮ್ಮ ಕಲಿಸಿದ್ದು. ಇನ್ಯಾರೂ ಹಾಗೆ ಗಂಟು ಹಾಕುವುದಿಲ್ಲ.

ಇದು ನನ್ನ ಸ್ವೆಟರ್! ನಾನು ಅವನಿಗೆ ಹೆಣೆದುಕೊಟ್ಟ ಸ್ವೆಟರ್! ಬಿಚ್ಚಿ, ಉಂಡೆ ಮಾಡಿ, ನನಗೇ ವಾಪಸ್ ಕಳಿಸಿದ್ದಾನೆ...

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಅದು ಮಡಕೆಗೆ ಮಾತ್ರ ಹೇಳಿದ್ದಲ್ಲ ನೋಡಿ. ಹೆಣಿಗೆಗೂ ಅಷ್ಟೇ.

ಯಾಕೆ ಇಷ್ಟು ಸಂಕಟ, ಒಂದು ಸ್ವೆಟರ್ ತಾನೇ ಅಂತೀರಾ? ಕೇಳಿ.

ಎರಡು ವರ್ಷದ ಹಿಂದೆ ಅವಳಮ್ಮ ಆಸ್ಪತ್ರೆ ಸೇರಿದಾಗ ಕಣ್ಣು ಮಂಜಾಗಿತ್ತು. "ಹೆಣೆಯೋಕಾದ್ರೂ ಕಣ್ಣು ಕೊಡಿಸೇ" ಎಂದು ಅಮ್ಮ ಮಗುವಿನಂತೆ ಹಟ ಹಿಡಿದಿದ್ದಳು. ವಾರ್ಡಿಗೇ ಬಂದು ಅಳತೆ ತೆಗೆದು, ದಪ್ಪ ಗಾಜಿನ ಕನ್ನಡಕ ಮಾಡಿಕೊಟ್ಟವನು ಅವನು. ಮೂಗಿನ ಮೇಲೆ ಅದನ್ನು ಕೂರಿಸಿಕೊಂಡು ಅಮ್ಮ ಮೊದಲು ನೋಡಿದ್ದು ಅವನನ್ನೇ.

"ಏನಪ್ಪಾ ನಿನ್ನ ತೋಳು ಇಷ್ಟುದ್ದ! ಯಾವ ಅಂಗಡಿ ಸ್ವೆಟರೂ ನಿಂಗೆ ಸಾಲಲ್ಲ ಬಿಡು."

ಅಂದೇ ಮಗಳಿಂದ ನೇರಳೆ ಉಣ್ಣೆ ತರಿಸಿದಳು. ಹಾಸಿಗೆಯ ಆಚೆ ಈಚೆ ಕೂತು ಇಬ್ಬರೂ ಹೆಣೆದರು. ಮೈಭಾಗ, ಬಲತೋಳು ಮಗಳದು. ಎಡತೋಳು ಅಮ್ಮನದು. ಅದನ್ನು ಮುಗಿಸಿದ ನಾಲ್ಕನೇ ದಿನ ಅಮ್ಮನೇ ಮುಗಿದುಹೋದಳು.

ಕಳೆದ ವರ್ಷ ಇದೇ ರಜೆಯಲ್ಲಿ ಅವಳು ಆ ಸ್ವೆಟರ್ ಅವನಿಗೆ ಕೊಟ್ಟಿದ್ದಳು. ಅಮ್ಮ ಈ ಭೂಮಿಯ ಮೇಲೆ ಮಾಡಿದ ಕೊನೆಯ ಕೆಲಸವನ್ನು ಅವನ ತೋಳಿಗೆ ತೊಡಿಸಿದ್ದಳು. ಎರಡು ತಿಂಗಳ ಹಿಂದೆ ಅವನು ಮದುವೆಯ ಮಾತೆತ್ತಿದಾಗ, "ರಜೆಯಲ್ಲಿ ಹೇಳ್ತೀನಿ" ಎಂದಿದ್ದಳು. ಮನಸ್ಸು ಆಗಲೇ ಹ್ಞೂಂ ಅಂದಾಗಿತ್ತು.

ಈಗ?

ಪೆಟ್ಟಿಗೆಯನ್ನು ಕಂಕುಳಲ್ಲಿ ಒತ್ತಿಕೊಂಡು ರಸ್ತೆ ದಾಟಿದಳು. ತಣ್ಣನೆಯ ಗಾಳಿ ಮುಖಕ್ಕೆ ರಾಚುತ್ತಿತ್ತು. ಹೋದ ತಿಂಗಳು ಕೇಳಿದ್ದು ನೆನಪಾಯಿತು. "ಸ್ವೆಟರ್ ಯಾಕೆ ಹಾಕ್ತಿಲ್ಲ?" "ತೊಳೆಯೋಕೆ ಹಾಕಿದೀನಿ." ಇನ್ನೊಂದು ಸಲ ಕೇಳಿದಾಗ, "ಅಕ್ಕನ ಮನೇಲಿ ಮರೆತೆ." ಮೂರನೇ ಸಲ, "ಇನ್ನೂ ಅಷ್ಟು ಚಳಿ ಇಲ್ವಲ್ಲ!" ಅಯ್ಯೋ ನನ್ನ ಪೆದ್ದುತನವೇ... ಮೂರನ್ನೂ ನಂಬಿದ್ದೆನಲ್ಲ!

ಅಂಗಡಿಯಲ್ಲಿ ಅವನು ಅಜ್ಜರೊಬ್ಬರ ಕಿವಿಗೆ ಕನ್ನಡಕದ ಕಡ್ಡಿ ಬಾಗಿಸುತ್ತಿದ್ದ. ಅವಳ ಮುಖ ನೋಡಿದ್ದೇ ಅಜ್ಜರು, "ನಾನು ಆಮೇಲೆ ಬರ್ತೀನಪ್ಪ" ಎಂದು ಮೆಲ್ಲಗೆ ಜಾಗ ಖಾಲಿ ಮಾಡಿದರು. ಅನುಭವಸ್ಥರು, ಪಾಪ.

ಅವಳು ಪೆಟ್ಟಿಗೆಯನ್ನು ಗಾಜಿನ ಮೇಜಿನ ಮೇಲೆ ಸುರಿದಳು. ಉಂಡೆಗಳು ಉರುಳಿದವು.

ಅವನ ಮುಖ ಬಿಳುಚಿಕೊಂಡಿತು. "ಇದು... ಇದು ನಿನ್ನ ಹತ್ರ ಹೇಗೆ..."

"ನೀನೇ ಕಳಿಸಿದ್ಯಲ್ಲ! ರಜೆ ಉಡುಗೊರೆ! ತುಂಬಾ ಥ್ಯಾಂಕ್ಸ್!"

"ನಾನು ಕಳಿಸಿಲ್ಲ! ಅಕ್ಕ! ನನ್ನ ಕಪಾಟಿನಲ್ಲಿತ್ತು... ಅವಳು ನೋಡಿ..." ಅವನು ಹಣೆ ಚಚ್ಚಿಕೊಂಡ. "ಹೆಣೆಯೋಳಿಗೆ ನೂಲು ಬಿಟ್ಟು ಇನ್ನೇನು ಕೊಡ್ತಾನೆ ಅಂದ್ಕೊಂಡಿರ್ತಾಳೆ."

"ಯಾರು ಕಳಿಸಿದ್ರೇನು? ಬಿಚ್ಚಿದ್ದು ಯಾರು?"

ಅವನು ತಲೆ ತಗ್ಗಿಸಿದ. "ನಾನು."

ಆ ಒಂದು ಮಾತಿಗೆ ಅವಳ ಕಣ್ಣು ತುಂಬಿಬಂತು. ಸುಳ್ಳಾದರೂ ಹೇಳಬಾರದಿತ್ತೇ ಎನಿಸಿತು.

"ಯಾಕೆ?"

"ಸುಟ್ಟುಹೋಯ್ತು. ಮೂರು ತಿಂಗಳಾಯ್ತು. ಫ್ರೇಮ್ ಬೆಸೆಯುವಾಗ ಉರಿ ತಗುಲಿ... ಎಡತೋಳು."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ಎಡತೋಳು. ಎಡತೋಳೇ!

"ಅಮ್ಮಂದು..."

"ಗೊತ್ತು. ಅದಕ್ಕೇ ಹೇಳೋಕೆ ಬಾಯಿ ಬರ್ಲಿಲ್ಲ. ಉಣ್ಣೆ ಅಂಗಡಿಯವರನ್ನ ಕೇಳಿದೆ. ಈ ಬಣ್ಣ ಬರೋದೇ ನಿಂತೋಗಿದೆ, ರಿಪೇರಿ ಮಾಡ್ಬೇಕಂದ್ರೆ ಇದೇ ಸ್ವೆಟರ್ ಒಳಗಿಂದ ಸ್ವಲ್ಪ ನೂಲು ತೆಗಿಬೇಕು ಅಂದ್ರು. ಎಷ್ಟು ಮಹಾ ಕೆಲಸ, ನಾನೇ ತೆಗಿತೀನಿ ಅಂದ್ಕೊಂಡೆ. ಒಂದೆಳೆ ಎಳೆದೆ... ನಿಲ್ಲಲೇ ಇಲ್ಲ. ಹಿಡಿಯೋಕೆ ಹೋದಷ್ಟೂ ಇನ್ನೊಂದು ಕಡೆ ಜಾರ್ತಿತ್ತು. ಮೈಪೂರ್ತಿ ಬಿಚ್ಚೋಯ್ತು."

ಸಾಸಿವೆಯಷ್ಟು ತಿರುಪನ್ನು ಕೂರಿಸುವ ಕೈ! ಒಂದು ಎಳೆ ನಿಲ್ಲಿಸಲಾಗಲಿಲ್ಲವಂತೆ! ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ಮೂರು ತಿಂಗಳು ಅಂದ್ಯಾ?" ಅವಳು ನಿಧಾನವಾಗಿ ಕೇಳಿದಳು. "ಹಾಗಾದ್ರೆ ಇದನ್ನ ಮುಚ್ಚಿಟ್ಟುಕೊಂಡೇ ನನ್ನನ್ನ ಮದುವೆಗೆ ಕೇಳಿದ್ಯಾ?"

ಅವನು ಉರುಳುತ್ತಿದ್ದ ಉಂಡೆಯೊಂದನ್ನು ಹಿಡಿದು ನಿಲ್ಲಿಸಿದ.

"ಸುಟ್ಟಿದ್ದು ಬೆಂಕಿ. ಅದಕ್ಕೆ ನಿನ್ನ ಮೇಲೆ ಕೋಪ ಇಲ್ಲ. ಅತ್ತುಬಿಡ್ತಿದ್ದೆ, ನೀನೂ ಪಕ್ಕದಲ್ಲಿ ಕೂತು ಅಳ್ತಿದ್ದೆ, ಮುಗೀತಿತ್ತು. ಆದ್ರೆ ನಾನು ಮೂರು ಸಲ ಕೇಳಿದೆ ಕಣೋ! ಮೂರು ಸಲವೂ ನೀನು ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದೆ. ನಾಳೆ ಸಂಸಾರದಲ್ಲಿ ಏನೇ ಸುಟ್ರೂ ಹೀಗೇ ಕಪಾಟಿನಲ್ಲಿ ಮುಚ್ಚಿಡ್ತೀಯಾ?"

"ನೀನು ಬಿಟ್ಟೋಗ್ತೀಯ ಅಂತ ಭಯ ಆಯ್ತು."

"ಈಗ ಹೋಗ್ತಿದೀನಿ, ನೋಡು."

ಅವಳು ಬಾಗಿಲಿನತ್ತ ತಿರುಗಿದಳು. ಅಮ್ಮ ಹೋದ ಮೇಲೆ ನಂಬಿದ್ದು ಇವನೊಬ್ಬನನ್ನೇ. ಇವನೂ ಹೀಗೆ ಮಾಡಿದ ಮೇಲೆ ಇನ್ಯಾರನ್ನು ನಂಬಲಿ?

"ಹೋಗು. ತಡೆಯಲ್ಲ." ಅವನು ಡ್ರಾಯರ್ ಎಳೆದ ಸದ್ದು ಕೇಳಿತು. "ಇದನ್ನೊಂದು ತಗೊಂಡು ಹೋಗು. ಇದು ನಿಂದೇ."

ತಿರುಗಿ ನೋಡಿದಳು.

ಅವನ ಅಂಗೈಯಲ್ಲಿ ಒಂದು ಗೇಣುದ್ದದ ನೇರಳೆ ಕೊಳವೆ. ಬೆರಳಿಲ್ಲದ ಕೈಗವಸಿನ ಹಾಗೆ. ಕೆಳತುದಿಯಲ್ಲಿ ಹೊಸ ಅಂಚು, ಅಡ್ಡಾದಿಡ್ಡಿ. ಮೇಲಿನದೆಲ್ಲ ಒತ್ತೊತ್ತಾದ ಪುಟ್ಟ ಹೆಣಿಗೆ. ನಡುನಡುವೆ ಕೈ ನಡುಗಿ ಸಡಿಲವಾದ ಕಣ್ಣುಗಳು. ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ನಿಮ್ಮಮ್ಮ ಹೆಣೆದಿದ್ದು ನೂರಾಹತ್ತು ಸಾಲು. ಮಣಿಕಟ್ಟಿನ ಕಡೆಯ ಎಪ್ಪತ್ತು ಸುಟ್ಟೋಯ್ತು. ನಲವತ್ತು ಉಳೀತು. ಅದರ ಒಂದು ಕಣ್ಣನ್ನೂ ಬಿಚ್ಚಿಲ್ಲ ನಾನು. ಉಣ್ಣೆ ಅಂಗಡಿಯವರು ಹೇಳಿಕೊಟ್ಟ ಹಾಗೆ ತುದಿ ಕಟ್ಟಿದೀನಿ."

ಅವಳು ಅದರೊಳಗೆ ಕೈ ತೂರಿಸಿದಳು. ಬೆಚ್ಚಗಿತ್ತು. ಅಷ್ಟೇ... ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಉಳಿದ ನಲವತ್ತಕ್ಕೂ, ಹೋದ ಎಪ್ಪತ್ತಕ್ಕೂ ಸೇರಿಸಿ ಅತ್ತಳು. ಅವನು ಸಮಾಧಾನ ಮಾಡಲು ಹೋಗಲಿಲ್ಲ. ಎದುರಿಗೆ ನೆಲದ ಮೇಲೆ ಕೂತು ತಾನೂ ಕಣ್ಣೊರೆಸಿಕೊಂಡ.

"ಇನ್ನೊಂದು ಕೈಗೆ?" ಖಾಲಿ ಕೈ ಚಾಚಿ ಕೇಳಿದಳು.

ಅವನು ಡ್ರಾಯರಿನಿಂದ ಕಡ್ಡಿಗಳಿಗೆ ನೇತುಬಿದ್ದ ಏನನ್ನೋ ತೆಗೆದ. ಎಣಿಸಿದರೆ ಹದಿನಾಲ್ಕು ಸಾಲು, ತೂತು ಅದಕ್ಕಿಂತ ಜಾಸ್ತಿ. "ನಾನು... ಕಲೀತಿದೀನಿ. ಐದು ಸಲ ಬಿಚ್ಚಿದೀನಿ. ರಜೆ ಹೊತ್ತಿಗೆ ಎರಡೂ ಕೊಟ್ಟು, ಎಲ್ಲಾ ಹೇಳಿಬಿಡೋಣ ಅಂದ್ಕೊಂಡಿದ್ದೆ."

"ಥೂ! ಇದೇನು ಹೆಣಿಗೆಯೋ ಮೀನಿನ ಬಲೆಯೋ?"

"ನೀನೇ ಮುಗಿಸಿಬಿಡು. ನಿಂಗೆ ಒಂದು ಗಂಟೆ ಕೆಲಸ."

"ಮುಟ್ಟಲ್ಲ ನಾನು. ನೀನೇ ಮುಗಿಸು." ಮೂಗೊರೆಸಿಕೊಂಡಳು. "ಕೋಪ ಹೋಗಿಲ್ಲ, ತಿಳ್ಕೋ. ಇನ್ನೂ ಏನೇನು ಮುಚ್ಚಿಟ್ಟಿದ್ದೀಯ, ಈಗಲೇ ಕಕ್ಕು."

ಅವನು ಕಡ್ಡಿ ಹಿಡಿದು, ಯೋಚಿಸಿ, ಕೆಂಪಾದ. "ಒಂದಿದೆ... ಕನ್ನಡಕ ಕೊಟ್ಟ ಮೇಲೂ ಮೂರು ಸಲ ವಾರ್ಡಿಗೆ ಬಂದ್ನಲ್ಲ, ತಿರುಪು ಸಡಿಲ ಆಗಿರತ್ತೆ ಅಂತ. ಆ ತಿರುಪು ಒಂದ್ಸಲವೂ ಸಡಿಲ ಆಗಿರ್ಲಿಲ್ಲ. ನಿನ್ನ ನೋಡೋಕೆ ಬರ್ತಿದ್ದೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಅಮ್ಮಂಗೆ ಗೊತ್ತಿತ್ತು. 'ಆ ಉದ್ದ ತೋಳಿನವನು ಮತ್ತೆ ಬಂದಾನೆ, ಜಡೆ ಸರಿ ಮಾಡ್ಕೊಳ್ಳೇ' ಅಂತಿದ್ಲು."

"ನೀನು ಮಾಡ್ಕೊಂಡ್ಯಾ?"

"ಮೂರು ಸಲವೂ."

ಅವನು ಕಡ್ಡಿ ಕೆಳಗಿಟ್ಟ. "ಮತ್ತೆ... ನನ್ನ ಪ್ರಶ್ನೆಗೆ ಉತ್ತರ?"

"ಹ್ಞೂಂ."

"ಹ್ಞೂಂ ಅಂದ್ರೆ?"

"ಹ್ಞೂಂ ಅಂದ್ರೆ ಹ್ಞೂಂ! ಕೈ ನಿಲ್ಲಿಸ್ಬೇಡ, ಹೆಣಿ. ಈ ಕೈ ತಣ್ಣಗಿದೆ ನಂಗೆ."